ರಾಣಿ ಕೇಳಿದ ನೀರು

ಬೆಳಗಿನ ಐದೂವರೆಗೆ ವ್ಯಾನು ಬಂದು ಅಶೋಕಪುರಂ ತಿರುವಿನಲ್ಲಿ ನಿಂತಿತು. ಹದಿನಾಲ್ಕು ಸೀಟಿನ ವ್ಯಾನಿಗೆ ಇಪ್ಪತ್ತಾರು ಹೆಂಗಸರು. ಚಿಕ್ಕತಾಯಮ್ಮನಿಗೆ ಸಿಕ್ಕಿದ್ದು ಚಕ್ರದ ಮೇಲಿನ ಉಬ್ಬು. ಗುಂಡಿ ಬಂದಾಗಲೆಲ್ಲ ಸೊಂಟ ಛಳಕ್ ಎನ್ನುತ್ತಿತ್ತು. ಬೋಗಾದಿ ಕಡೆಯ ಲೇಔಟುಗಳಿಗೆ ಹತ್ತು ವರ್ಷ ಜಲ್ಲಿ ಹೊತ್ತ ಸೊಂಟ ಅದು. ಈಗ ಅಲ್ಲಿ ಮೂರಂತಸ್ತಿನ ಮನೆಗಳು ಎದ್ದಿವೆ, ಇವಳಿಗೆ ಬಗ್ಗಿ ಒಂದು ಚೆಂಬು ಎತ್ತಲೂ ಆಗುವುದಿಲ್ಲ.

ಬಾಂಡ್ಲಿ ಹೊರಲಾಗದೆ ಹೋದ ಮೇಲೆ ಅವಳು ಸಿನಿಮಾಕ್ಕೆ ಸೇರಿದಳು. ಸಿನಿಮಾ ಎಂದ ಕೂಡಲೇ ಕಣ್ಣರಳಿಸಬೇಡಿ. ಜೂನಿಯರ್ ಆರ್ಟಿಸ್ಟ್ ಎನ್ನುತ್ತಾರೆ, ಐವತ್ತೆರಡು ವರ್ಷದವಳನ್ನೂ ಜೂನಿಯರ್ ಎಂದೇ ಕರೆಯುತ್ತಾರೆ. ಮದುವೆ ಮನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರಬೇಕು. ಸಾವಿನ ಮನೆಯಲ್ಲಿ ಹಿಂದಿನ ಸಾಲಿನಲ್ಲಿ ಅಳಬೇಕು. ನಾಯಕ ಸಂತೆಯಲ್ಲಿ ಹೊಡೆದಾಡುವಾಗ ಸೊಪ್ಪಿನ ಕಂತೆ ಹಿಡಿದು ಓಡಬೇಕು. ಹದಿನೆಂಟು ವರ್ಷ ಹೀಗೆ ಕೂತು, ಅತ್ತು, ಓಡಿದ್ದಾಳೆ. ಒಂದು ಸಿನಿಮಾದಲ್ಲೂ ಒಂದು ಮಾತು ಆಡಿದವಳಲ್ಲ.

ಮಾತಾಡಬಾರದು ಎನ್ನುವುದೇ ಈ ಕಸುಬಿನ ಮೊದಲ ಪಾಠ. ಕ್ಯಾಮೆರಾ ಓಡುವಾಗ ಗುಂಪಿನವರು ಮಾತಾಡುತ್ತಿರುವಂತೆ ಕಾಣಬೇಕು, ದನಿ ಮಾತ್ರ ಬರಬಾರದು. ಬರೀ ತುಟಿ ಆಡಿಸಬೇಕು. ಹೊಸಬರು ಒಂದು, ಎರಡು, ಮೂರು ಎಂದು ಎಣಿಸಿ ತುಟಿ ಆಡಿಸುತ್ತಾರೆ. ಹಳಬರು ಹಾಗಲ್ಲ. ಅವರು ನಿಜವಾಗಿಯೇ ಹರಟೆ ಹೊಡೆಯುತ್ತಾರೆ, ದನಿಯೊಂದನ್ನು ಬಿಟ್ಟು. ಗಂಡನ ಕುಡಿತ, ನಲ್ಲಿಯ ಸರದಿ, ನಾಯಕಿಯ ಮೂಗು, ಎಲ್ಲವೂ ತುಟಿಯಲ್ಲೇ ನಡೆಯುತ್ತದೆ. ಎದುರಿನವಳು ನೋಡಿ ತಿಳಿದು, ತುಟಿಯಲ್ಲೇ ಉತ್ತರ ಕೊಡುತ್ತಾಳೆ. ಚಿಕ್ಕತಾಯಮ್ಮನ ಗೆಳತಿ ದೇವೀರಮ್ಮ ತನ್ನ ಮಗಳ ಮದುವೆಯ ಮಾತುಕತೆಯನ್ನು ಒಂದು ಹಾಡಿನ ಚಿತ್ರೀಕರಣದಲ್ಲಿ, ಕ್ಯಾಮೆರಾದ ಎದುರೇ ಮುಗಿಸಿಕೊಂಡವಳು. ವರ್ಷಗಟ್ಟಲೆ ಹೀಗೆ ಬಾಳಿದ ಮೇಲೆ ಅಂಗಳದ ಆ ತುದಿಯ ತುಟಿಯನ್ನು ಈ ತುದಿಯಿಂದ ಓದುವುದು ಇವರಿಗೆ ಅಕ್ಕಿಯ ಕಲ್ಲು ಆರಿಸಿದಷ್ಟು ಸುಲಭ. ದೊಡ್ಡವರಿಗೆ ಇದು ಗೊತ್ತಿಲ್ಲ. ಹಿಂದಿನ ಸಾಲಿನವರಿಗೆ ಏನು ಬರುತ್ತದೆ ಎಂದು ಯಾರು ಕೇಳಿದ್ದಾರೆ?

ಆವತ್ತಿನ ಚಿತ್ರೀಕರಣ ನಿವೃತ್ತ ಪ್ರೊಫೆಸರ್ ವಾಗೀಶರ ಹಳೆಯ ಬಂಗಲೆಯಲ್ಲಿ. ಕುಂಬಾರಕೊಪ್ಪಲಿನಿಂದ ಇನ್ನೂ ಹದಿನಾಲ್ಕು ಹೆಂಗಸರು ಬಂದು ಒಟ್ಟು ನಲವತ್ತಾದರು. ಅವರನ್ನೆಲ್ಲ ಕರೆತರುವ ಏಜೆಂಟ್ ಸಿದ್ದೇಶ್ ಬಾಗಿಲಲ್ಲೇ ನಿಯಮ ಹೇಳಿದ. ಒಳಗಿನ ಶೌಚಾಲಯ ಬಳಸಬಾರದು. ಜಗಲಿಯ ಮೇಲೆ ಕೂರಬಾರದು. ಐಸಿನ ಪೆಟ್ಟಿಗೆಯಲ್ಲಿರುವ ನೀರಿನ ಬಾಟಲಿ ಆರ್ಟಿಸ್ಟುಗಳಿಗೆ, ಗುಂಪಿನವರಿಗೆ ತೋಟದ ನಲ್ಲಿ ಇದೆ. ಹೆಂಗಸರು ತಲೆಯಾಡಿಸಿದರು. ಇದೆಲ್ಲ ಅವರಿಗೆ ಹೊಸದಲ್ಲ.

ಹೊಸದಾಗಿದ್ದದ್ದು ಸಿನಿಮಾದ ಕಥೆ. ತೊಂಬತ್ತು ವರ್ಷದ ಹಿಂದೆ, ಚಿತ್ರಗಳಿಗೆ ಮಾತು ಬಾರದಿದ್ದ ಕಾಲದಲ್ಲಿ, ಮೈಸೂರಿನಲ್ಲಿ ಮಿಸ್ ಚಂದ್ರಮತಿ ಎಂಬ ನಟಿಯೊಬ್ಬಳಿದ್ದಳಂತೆ. ನಾಲ್ಕೈದು ಮೂಕಿ ಚಿತ್ರಗಳಲ್ಲಿ ರಾಣಿಯಾದಳಂತೆ. ಆಮೇಲೆ ಏನಾದಳೋ ಯಾರಿಗೂ ತಿಳಿಯದು. ಈ ವಾಗೀಶರಿಗೆ ಗುಜರಿ ಅಂಗಡಿಯಲ್ಲಿ ಅವಳ ಒಂದು ಫಿಲ್ಮ್ ಡಬ್ಬಿ ಸಿಕ್ಕಿತು. ಮನೆಗೆ ಬಂದು ವಂಶವೃಕ್ಷ ಬಿಡಿಸಿದರೆ ಅಲ್ಲೂ ಒಬ್ಬಳು ಚಂದ್ರಮತಿ. ಅರಮನೆಯ ವಿದ್ವಾಂಸರಾಗಿದ್ದ ಅವರ ತಾತ ಲಕ್ಷ್ಮೀನರಸಿಂಹ ಶಾಸ್ತ್ರಿಗಳ ಮಗಳು, ಹದಿಮೂರಕ್ಕೆ ವಿಧವೆ, ಹದಿನಾರಕ್ಕೆ ಮನೆ ಬಿಟ್ಟು ಹೋದವಳು. ವಾಗೀಶರು ಎರಡನ್ನೂ ಸೇರಿಸಿ ಗಂಟು ಹಾಕಿದರು. ನಮ್ಮ ಸೋದರತ್ತೆಯೇ ಕನ್ನಡ ನಾಡಿನ ಮೊದಲ ಬಂಡಾಯಗಾರ್ತಿ ಎಂದು ಭಾಷಣ ಮಾಡಿದರು. ಟ್ರಸ್ಟ್ ಆಯಿತು, ಸರ್ಕಾರದ ನೆರವಾಯಿತು, ಒಂದು ಸಭಾಂಗಣಕ್ಕೆ ಅವಳ ಹೆಸರಿಡುವುದೆಂದೂ ಆಯಿತು. ಈಗ ಅದೇ ಟ್ರಸ್ಟಿನ ಹಣದಲ್ಲಿ ಸಿನಿಮಾ. ಅದರಲ್ಲಿ ಚಂದ್ರಮತಿಯ ಪಾತ್ರ ಅವರ ಮಗಳು ಅಪೂರ್ವಳಿಗೆ. ಹದಿಮೂರರ ಆ ವಿಧವೆಯ ತಲೆ ಬೋಳಿಸಿ ಹಿತ್ತಿಲ ಕೋಣೆಗೆ ತಳ್ಳಿದ ಮನೆ ಯಾವುದು ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಚಪ್ಪಾಳೆಯ ಲಯ ಕೆಡುತ್ತಿತ್ತು.

ನಿರ್ದೇಶಕ ಶಿವಕಿರಣ್ ಮೂವತ್ತೈದರ ಒಳಗಿನವನು, ಉತ್ಸಾಹಿ. ಹಳೆಯ ಕಾಲದವರು ಹೇಗೆ ಕೂರುತ್ತಿದ್ದರು, ಹೇಗೆ ನಿಲ್ಲುತ್ತಿದ್ದರು ಎಂದು ಗುಂಪಿನವರಿಗೂ ತಿಳಿಯಲಿ ಎಂದು, ತಿಂಡಿ ಆದ ಮೇಲೆ ಎಲ್ಲರನ್ನೂ ಹಜಾರದ ನೆಲದ ಮೇಲೆ ಕೂರಿಸಿ ಆ ಡಬ್ಬಿಯಲ್ಲಿದ್ದ ಎರಡು ನಿಮಿಷದ ತುಣುಕನ್ನು ಗೋಡೆಯ ಮೇಲೆ ಬಿಟ್ಟ.

ಸಿಂಹಾಸನದ ಮೇಲೊಬ್ಬ ರಾಜ, ಅಂಟು ಮೀಸೆ. ಅವನೆದುರು ಮಂಡಿಯೂರಿದ ರಾಣಿ. ಕಿರೀಟ, ಕಂಠೀಹಾರ, ಕಣ್ತುಂಬ ಕಾಡಿಗೆ. ರಾಣಿ ಎರಡೂ ಕೈ ಚಾಚಿ ಏನೋ ಬೇಡುತ್ತಿದ್ದಾಳೆ. ಮಾತು ಮುಗಿದೊಡನೆ ಕಪ್ಪು ಪರದೆ, ಅದರ ಮೇಲೆ ಬಿಳಿಯ ಅಕ್ಷರ: "ಪ್ರಾಣನಾಥ, ಈ ದಾಸಿಯ ಅಪರಾಧವನ್ನು ಮನ್ನಿಸು." ಮತ್ತೆ ರಾಣಿ. ಅವಳು ಸೆರಗಿನಿಂದಲ್ಲ, ಮುಂಗೈಯ ಹಿಂಭಾಗದಿಂದ ಬಾಯಿ ಒರೆಸಿಕೊಂಡಳು.

ಚಿಕ್ಕತಾಯಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಮುಂದಿನ ಹಲ್ಲಿನ ಮೂಲೆ ಮುರಿದಿದೆ. ಗಲ್ಲದ ಮೇಲೆ ಹಚ್ಚೆಯ ಮೂರು ಚುಕ್ಕಿ. ಅದು ಅವಳ ಅಜ್ಜಿ ಪುಟ್ಟಬಸಮ್ಮ.

ತಾಯಿ ಸತ್ತ ಮೇಲೆ ಚಿಕ್ಕತಾಯಮ್ಮನನ್ನು ಸಾಕಿದ್ದೇ ಆ ಅಜ್ಜಿ. ಹಗಲೆಲ್ಲ ಗಾರೆ ಹೊತ್ತು ಬಂದು, ಸಂಜೆ ಒಲೆ ಮುಂದೆ ಕೂತು ಹೇಳುತ್ತಿದ್ದಳು: "ನಾನೂ ರಾಣಿಯಾಗಿದ್ದೆ ಕಣ್ ಮಗ, ಬಯಸ್ಕೋಪ್‌ನಲ್ಲಿ." ದೊಡ್ಡ ಮನೆಯ ಹೆಂಗಸರು ಯಾರೂ ಕ್ಯಾಮೆರಾ ಮುಂದೆ ಬರಲು ಒಪ್ಪಲಿಲ್ಲವಂತೆ. ಕಂಪನಿಯವರು ಕೇರಿ ಕೇರಿ ಹುಡುಕಿ ಪುಟ್ಟಮಾದಯ್ಯನ ಮಗಳಾದ ಇವಳನ್ನು ಕರೆದೊಯ್ದರಂತೆ. ಹೆಸರು ಕೇಳಿ, ಇದು ಆಗದು ಎಂದು ತಾವೇ ಒಂದು ಇಟ್ಟರಂತೆ. ಮೂರು ವರ್ಷ ರಾಣಿಯಾದಳು. ಆಮೇಲೆ ಚಿತ್ರಗಳಿಗೆ ಮಾತು ಬಂತು. ಹೃದಯೇಶ್ವರ ಎನ್ನು ಎಂದರಂತೆ. ಇವಳು ಉರುದಯೇಸುರ ಎಂದಳಂತೆ. ಇಡೀ ಕಂಪನಿ ಬಿದ್ದು ಬಿದ್ದು ನಕ್ಕಿತಂತೆ. ಮಾರನೆಯ ದಿನ ಗೇಟಿನವನು ಒಳಗೆ ಬಿಡಲಿಲ್ಲ. ಮುಖ ಬೇಕಾಗಿದ್ದಷ್ಟು ದಿನ ಅವಳು ಯಾರ ಮಗಳು ಎಂಬುದು ಅಡ್ಡ ಬರಲಿಲ್ಲ, ನಾಲಗೆ ಬೇಕಾದಾಗ ಬಂತು.

ಕೇರಿಯವರು ಇದನ್ನು ನಂಬಲಿಲ್ಲ. ನಲ್ಲಿಯ ಹತ್ತಿರ ಹೋದರೆ ಮಹಾರಾಣಿ ಬಂದ್ಲು, ದಾರಿ ಬುಡ್ರೋ ಎಂದು ಆಡಿಕೊಳ್ಳುತ್ತಿದ್ದರು. ಹನ್ನೆರಡು ವರ್ಷದ ಚಿಕ್ಕತಾಯಿಯೂ ಅವರ ಜೊತೆ ನಕ್ಕಿದ್ದಳು. ಅಜ್ಜಿ ಸಾಯುವ ದಿನವೂ ಅವಳು ನಂಬಿರಲಿಲ್ಲ. ಈಗ ಗೋಡೆಯ ಮೇಲೆ ಅಜ್ಜಿ ಕಿರೀಟ ಇಟ್ಟುಕೊಂಡು ಕೂತಿದ್ದಳು. ಚಿಕ್ಕತಾಯಮ್ಮನಿಗೆ ಅಳು ಬಂತು, ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಸತ್ತವಳಿಗೆ ಇನ್ನೇನೂ ಕೊಡಲಾಗುವುದಿಲ್ಲ, ಅವಳ ಹೆಸರನ್ನಾದರೂ ಅವಳಿಗೆ ವಾಪಸು ಕೊಡಿಸಬೇಕು ಎಂದು ಕೂತಲ್ಲೇ ನಿಶ್ಚಯ ಮಾಡಿಕೊಂಡಳು.

ಅಷ್ಟರಲ್ಲಿ ಪಕ್ಕದಲ್ಲಿದ್ದ ದೇವೀರಮ್ಮ ಅವಳ ತೋಳು ಹಿಡಿದಳು. "ಚಿಕ್ಕತಾಯಿ, ಆಯಮ್ಮ ಏನ್ ಅಂತಾವ್ಳೆ ನೋಡ್ದಾ?"

ನೋಡಿದ್ದಳು. ಹಿಂದಿನ ಸಾಲಿನ ಎಲ್ಲರೂ ನೋಡಿದ್ದರು. ಆದ್ದರಿಂದಲೇ ಅಲ್ಲಿ ಯಾರೂ ಮಿಸುಕಾಡುತ್ತಿರಲಿಲ್ಲ.

ಚಿಕ್ಕತಾಯಮ್ಮ ಎದ್ದು ನಿಂತು ಇನ್ನೊಂದು ಸಲ ಹಾಕಿ ಎಂದು ಕೇಳಿದಳು. ಶಿವಕಿರಣ್‌ಗೆ ಖುಷಿಯಾಯಿತು, ಹಾಕಿದ. ಮುಗಿದ ಮೇಲೆ ಅವಳು, ಆಕೆ ದಾಸಿ ಅಪರಾಧ ಅಂತ ಏನೂ ಹೇಳುತ್ತಿಲ್ಲ, ಬೇರೆಯೇ ಹೇಳುತ್ತಿದ್ದಾಳೆ ಎಂದಳು. ಅವನು ನಕ್ಕ. ಅವಳು ನಗಲಿಲ್ಲ. ತಾನು ಈಗ ಬಾಯಿ ಬಿಡುವುದಿಲ್ಲ, ಬೇಕಾದರೆ ಒಬ್ಬೊಬ್ಬರನ್ನೇ ಮೂಲೆಗೆ ಕರೆದು ಕೇಳಿ ನೋಡಿ ಎಂದಳು. ಅವನು ಕುತೂಹಲಕ್ಕೆ ಐದು ಜನರನ್ನು ಬೇರೆ ಬೇರೆಯಾಗಿ ಕರೆದು ಕೇಳಿದ. ಐದು ಬಾಯಲ್ಲೂ ಒಂದೇ ಮಾತು ಬಂತು:

"ನೀರು ಕೊಡ್ರೋ. ರಾಣಿ ಮಾಡಿ ಕೂರ್ಸಿದೀರಿ, ಬಾವಿ ತಾವ ಬರ್ಬೇಡ ಅಂತೀರಿ. ಪುಟ್ಟಮಾದಯ್ಯನ ಮಗಳು ಮುಟ್ಟುದ್ರೆ ನಿಮ್ ಬಾವಿ ಬತ್ತೋದದಾ?"

ಶಿವಕಿರಣ್ ಐದನೆಯವಳ ಮಾತು ಕೇಳಿ ಬಂದು ಕುರ್ಚಿಯ ಮೇಲೆ ಕುಸಿದ. ಅವನ ಮೈಯಲ್ಲಿ ರೋಮ ಎದ್ದಿತ್ತು. ಚಿಕ್ಕತಾಯಮ್ಮ ಅಜ್ಜಿಯ ಕಥೆಯನ್ನೆಲ್ಲ ಹೇಳಿದಳು, ಹಲ್ಲು, ಹಚ್ಚೆ, ಉರುದಯೇಸುರ. ಅವನು ಎದ್ದು ಅವಳ ಕೈ ಹಿಡಿದುಕೊಂಡ. ಇದೇ ನಿಜವಾದ ಸಿನಿಮಾ, ಕಥೆಯನ್ನೇ ಬದಲಾಯಿಸುತ್ತೇನೆ ಎಂದ. ಆಗ ಹನ್ನೆರಡು ಗಂಟೆ.

ಸುದ್ದಿ ತಿಳಿದು ಎರಡು ಗಂಟೆಗೆ ವಾಗೀಶರು ಬಂದರು. ನಿರ್ದೇಶಕನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಮೂರಕ್ಕೆ ಬಾಗಿಲು ತೆರೆದಾಗ ಶಿವಕಿರಣ್‌ನ ರೋಮಗಳೆಲ್ಲ ಮಲಗಿದ್ದವು.

ವಾಗೀಶರು ಕೂಗಾಡುವ ಜನವಲ್ಲ. ಚಿಕ್ಕತಾಯಮ್ಮನನ್ನು ಜಗಲಿಯ ಕೆಳಗೆ ನಿಲ್ಲಿಸಿಕೊಂಡು, ತಾವು ಜಗಲಿಯ ಮೇಲೆ ಕೂತು, ಬಹುವಚನದಲ್ಲೇ ಮಾತಾಡಿದರು. ಗಲ್ಲದ ಮೇಲಿರುವುದು ಹಚ್ಚೆಯಲ್ಲ, ಹಳೆಯ ಫಿಲ್ಮಿಗೆ ಹತ್ತಿದ ಕಲೆ ಎಂದರು. ತುಟಿ ಓದುವುದು ಒಂದು ಶಾಸ್ತ್ರ, ಅದಕ್ಕೆ ತಜ್ಞರಿದ್ದಾರೆ, ಕೂಲಿ ಹೆಂಗಸರು ಹೇಳಿದ್ದು ದಾಖಲೆಯಾಗುವುದಿಲ್ಲ ಎಂದರು. ನಿಮ್ಮ ಅಜ್ಜಿಯ ಬಗ್ಗೆ ಕಾಗದಪತ್ರ ಏನಿದೆ ಎಂದು ಕೇಳಿದರು. ಚಿಕ್ಕತಾಯಮ್ಮನ ಹತ್ತಿರ ಏನೂ ಇರಲಿಲ್ಲ. ಗಾರೆ ಹೊತ್ತವರಿಗೆ ಯಾರು ಕಾಗದ ಕೊಡುತ್ತಾರೆ?

"ಹಂಗಾರೆ ನಿಮ್ ಅತ್ತೆಯೋರೇ ಈಯಮ್ಮ ಅನ್ನಕ್ಕೆ ಏನ್ ಕಾಗ್ದ ಅದೆ ಸ್ವಾಮಿ?" ಎಂದಳು ಚಿಕ್ಕತಾಯಮ್ಮ.

ವಾಗೀಶರ ಮುಖ ಒಂದು ಗಳಿಗೆ ಗಂಟಾಯಿತು. "ನೋಡಿಮ್ಮ, ನಮ್ಮ ಅತ್ತೆ ನಿಮ್ಮಂಥವರಿಗೋಸ್ಕರವೇ ಹೊಸಿಲು ದಾಟಿದವರು. ಅವರನ್ನೇ ಕಿತ್ಕೊಳ್ತೀನಿ ಅಂತ ಬಂದ್ರೆ ಹೇಗೆ? ನಿಮಗೆ ಎಲ್ಲವೂ ಬೇಕು, ಅಲ್ವಾ?"

ಅದರಲ್ಲಿದ್ದ ವಿಷ ಚಿಕ್ಕತಾಯಮ್ಮನಿಗೆ ಅರ್ಥವಾಗದೆ ಹೋಗಲಿಲ್ಲ. ಊರು ಕಟ್ಟಿದ್ದು ಅವಳ ಕೇರಿಯವರು, ಗುಡಿಸಿದ್ದು ಅವರೇ, ಆದರೂ ಒಂದು ಹೆಸರು ಕೇಳಿದರೆ ಎಲ್ಲವೂ ಬೇಕು ಎಂದು ಬಾಯಿ ಬಿಟ್ಟವರಾಗುತ್ತಾರೆ.

ಸಂಜೆ ವ್ಯಾನು ಹತ್ತುವಾಗ ಸಿದ್ದೇಶ್ ಅವಳನ್ನು ಪಕ್ಕಕ್ಕೆ ಕರೆದ. ನಿರ್ದೇಶಕರು ಅವಳಿಗೆ ಒಂದು ಡೈಲಾಗ್ ಕೊಟ್ಟಿದ್ದಾರಂತೆ. ಗುಂಪಿನಲ್ಲಲ್ಲ, ಮುಂದೆ, ಕ್ಯಾಮೆರಾ ಹತ್ತಿರದಲ್ಲಿ, ಅವಳ ಮುಖ ಒಂದೇ. ಟೈಟಲ್ಲಿನಲ್ಲಿ ಹೆಸರೂ ಬರುತ್ತದಂತೆ. ಸಾಮಾನ್ಯವಾಗಿ ಇಂಥ ಅವಕಾಶ ಯಾರಿಗೂ ಸಿಗುವುದಿಲ್ಲ, ಅಜ್ಜಿ ಗಿಜ್ಜಿ ಎಂದು ಹಟ ಮಾಡಬೇಡ ಎಂದು ಅವನು ಬೇಡಿಕೊಂಡ. ಚೀಟಿಯಲ್ಲಿದ್ದ ಮಾತನ್ನು ಓದಿಯೂ ಹೇಳಿದ. ಚಂದ್ರಮತಿಯ ಮನೆಯ ಕೆಲಸದವಳು ಅವಳ ಕಾಲು ಹಿಡಿದು ಹೇಳುವ ಮಾತು: "ಅಮ್ಮನೋರೇ, ನೀವು ನಮ್ಮ ಪಾಲಿನ ದೇವರು. ಬಾಯಿಲ್ಲದ ನಮ್ಮಂಥೋರಿಗೆ ನೀವೇ ಬಾಯಿ."

"ಆಗ್ಲಿ ಕಣಪ್ಪ," ಎಂದಳು ಚಿಕ್ಕತಾಯಮ್ಮ.

ದೇವೀರಮ್ಮ ದಾರಿಯುದ್ದಕ್ಕೂ ಅವಳ ಜೊತೆ ಮಾತಾಡಲಿಲ್ಲ. ಮಾತಾಡದಿದ್ದದ್ದು ನ್ಯಾಯವೇ. ಆದರೆ ಚಿಕ್ಕತಾಯಮ್ಮನ ಒಳಗೂ ಒಬ್ಬಳು ಆಸೆಬುರುಕಿ ಇದ್ದಳು, ಅವಳನ್ನು ಬಚ್ಚಿಟ್ಟು ಕಥೆ ಹೇಳುವುದು ಸುಳ್ಳಾಗುತ್ತದೆ. ಹದಿನೆಂಟು ವರ್ಷದಿಂದ ಹಿಂದಿನ ಸಾಲಿನಲ್ಲಿ ನಿಂತು, ಮುಂದಿನವರ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಪಾತ್ರೆ ತೊಳೆಯುವಾಗ ಒಬ್ಬಳೇ ಹೇಳಿಕೊಂಡವಳು ಅವಳು. ಆ ರಾತ್ರಿಯೂ ಚೀಟಿಯ ಮಾತನ್ನು ಹೇಳಿ ನೋಡಿದಳು. ಚೆನ್ನಾಗಿ ಬಂತು. ಚೆನ್ನಾಗಿ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮಾರನೆಯ ದಿನ ಹತ್ತು ಗಂಟೆಗೆ ದೃಶ್ಯಕ್ಕೆ ಎಲ್ಲ ಸಿದ್ಧವಾಯಿತು. ಅಪೂರ್ವ ರೇಷ್ಮೆ ಸೀರೆಯಲ್ಲಿ ಜಗಲಿಯ ಮೆಟ್ಟಿಲ ಮೇಲೆ ನಿಂತಳು. ಅವಳ ಕಾಲ ಬಳಿ ಚಿಕ್ಕತಾಯಮ್ಮ. ಹಿಂದೆ ಅಂಗಳದ ತುಂಬ ಉಳಿದ ಮೂವತ್ತೊಂಬತ್ತು ಹೆಂಗಸರು, ಚಂದ್ರಮತಿಯನ್ನು ಕಂಡು ತಮ್ಮತಮ್ಮೊಳಗೆ ಹೊಗಳಿಕೊಳ್ಳುವ ಊರ ಜನ. ವಾಗೀಶರು ಮಾನಿಟರ್ ಎದುರು ಕುರ್ಚಿ ಹಾಕಿಸಿಕೊಂಡು ಕೂತರು. ರಿಹರ್ಸಲ್ ಮೂರು ಸಲ ನಡೆಯಿತು. ಮೂರು ಸಲವೂ ಚಿಕ್ಕತಾಯಮ್ಮ ಒಂದಕ್ಷರ ತಪ್ಪಿಲ್ಲದೆ ಹೇಳಿದಳು. ವಾಗೀಶರು ತಲೆದೂಗಿದರು.

ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕು ಅವಳ ನೆತ್ತಿಯ ಮೇಲೆ ಬಂದು ನಿಂತಿತು. ಅಷ್ಟು ವರ್ಷದಲ್ಲಿ ಅದು ಅವಳ ಹತ್ತಿರ ಬಂದದ್ದು ಅದೇ ಮೊದಲು. ಆಕ್ಷನ್ ಎಂದರು. ಚಿಕ್ಕತಾಯಮ್ಮ ಅಪೂರ್ವಳ ಕಾಲನ್ನು ಹಿಡಿಯಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಧಾನಕ್ಕೆ ಎದ್ದು ನಿಂತಳು.

"ಪುಟ್ಟಬಸಮ್ಮ. ಪುಟ್ಟಮಾದಯ್ಯನ ಮಗಳು, ನಮ್ಮಜ್ಜಿ. ರಾಣಿ ಪಾರ್ಟು ಮಾಡ್ತಾ ಕುಡಿಯಕ್ಕೆ ನೀರ್ ಕೇಳುದ್ಲು. ನೀವು ಕೊಡ್ನಿಲ್ಲ. ಈಗ ಅವಳ ಹೆಸರ್ನೂ ಕುಡ್ಕೊಂಡ್ಬುಟ್ರಿ."

ಅಪೂರ್ವಳಿಗೆ ತನ್ನ ಮಾತು ಮರೆತುಹೋಯಿತು. ಕಟ್ ಎಂದು ಶಿವಕಿರಣ್ ಅಂದದ್ದು ಅವನಿಗೇ ಕೇಳಿಸಿತೋ ಇಲ್ಲವೋ.

ಸಿದ್ದೇಶ್ ಓಡಿಬಂದು, ನಾಳೆಯಿಂದ ಯಾವ ಕಂಪನಿಯೂ ಕರೆಯುವುದಿಲ್ಲ ಅಕ್ಕ, ತಪ್ಪಾಯ್ತು ಅನ್ನು ಎಂದ. ಅವಳು ಅನ್ನಲಿಲ್ಲ. ಅವಳನ್ನು ಹಿಂದಕ್ಕೆ ಕಳಿಸಿ, ದೇವೀರಮ್ಮನನ್ನು ಮುಂದೆ ತಂದು ಚೀಟಿ ಓದಿ ಹೇಳಿದರು. ಆಕ್ಷನ್ ಎಂದರು. ದೇವೀರಮ್ಮ ಅಪೂರ್ವಳನ್ನು ನೋಡಿ, "ಪುಟ್ಟಬಸಮ್ಮ, ನಮ್ ಚಿಕ್ಕತಾಯಿ ಅಜ್ಜಿ," ಎಂದಳು. ಅವಳನ್ನೂ ಕಳಿಸಿದರು. ಈ ಕೇರಿಯವರ ಸಹವಾಸವೇ ಬೇಡ ಎಂದು ಕುಂಬಾರಕೊಪ್ಪಲಿನ ಒಬ್ಬ ಹೆಂಗಸನ್ನು ತಂದರು. ನಿನ್ನೆಯವರೆಗೆ ಪುಟ್ಟಬಸಮ್ಮ ಯಾರೆಂದೇ ಅವಳಿಗೆ ಗೊತ್ತಿರಲಿಲ್ಲ. ಅವಳು ಮೈಕನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಅದೇ ಹೆಸರು ಹೇಳಿದಳು.

ಅಂಗಳದಲ್ಲಿ ಯಾರೋ ನಕ್ಕರು. ವಾಗೀಶರು ಕುರ್ಚಿಯಿಂದ ಎದ್ದರು. ಬಹುವಚನ ಅಲ್ಲಿಗೆ ಮುಗಿಯಿತು.

"ಏನಾದ್ರೂ ಒದರಿಕೊಳ್ಳಲಿ ಬಿಡಿ ಶಿವಕಿರಣ್. ಇವಳ ದನಿ ಯಾರಿಗೆ ಬೇಕು? ಮೈಕ್ ತೆಗೆಸಿ. ತುಟಿ ಆಡಿದ್ರೆ ಸಾಕು. ಬೆಂಗಳೂರಲ್ಲಿ ಡಬ್ಬಿಂಗ್ ಮಾಡಿಸಿ, ನಮಗೆ ಬೇಕಾದ ಮಾತು ಹಾಕಿದ್ರಾಯ್ತು."

ಶಿವಕಿರಣ್‌ನ ಮುಖಕ್ಕೆ ಕಳೆ ಬಂತು. ಹೌದಲ್ಲ, ಇಷ್ಟು ಸುಲಭದ್ದು ತನಗೆ ಹೊಳೆಯಲಿಲ್ಲವಲ್ಲ ಎಂಬಂತೆ ತಲೆಯಾಡಿಸಿದ. ಕೋಲಿನ ಮೈಕು ಮೇಲೆ ಹೋಯಿತು. ಮೊದಲಿನವಳ ಮುಖವೇ ಚೆನ್ನಾಗಿತ್ತು, ಅವಳನ್ನೇ ಕರೆಯಿರಿ, ಬಾಯಿಗೆ ಬಂದದ್ದು ಹೇಳಲಿ ಎಂದ.

ಚಿಕ್ಕತಾಯಮ್ಮ ಮತ್ತೆ ಮುಂದೆ ಬಂದಳು. ಅಜ್ಜಿ ನೀರು ಕೇಳಿದಳು, ಅವರು ಅದರ ಮೇಲೆ ದಾಸಿಯ ಅಪರಾಧ ಎಂದು ಬರೆದರು. ತೊಂಬತ್ತು ವರ್ಷ ಆ ಬರಹವೇ ನಿಜವಾಗಿತ್ತು. ಇವತ್ತು ತಾನು ಅಜ್ಜಿಯ ಹೆಸರು ಕೂಗಿ ಕೂಗಿ ಗಂಟಲು ಹರಿದುಕೊಂಡರೂ, ನಾಳೆ ಪರದೆಯ ಮೇಲೆ ನೀವೇ ದೇವರು ಎಂದೇ ಕೇಳಿಸುತ್ತದೆ. ಇವರಿಗೆ ಬೇಕಾಗಿರುವುದು ಅಲುಗಾಡುವ ಒಂದು ಬಾಯಿ ಮಾತ್ರ, ಅದಕ್ಕೆ ಏನು ತುಂಬಬೇಕೆಂದು ಅವರು ನೋಡಿಕೊಳ್ಳುತ್ತಾರೆ. ಅವಳು ತಿರುಗಿ ಅಂಗಳದ ಕಡೆ ನೋಡಿದಳು. ದನಿಯಿಲ್ಲದೆ ಒಂದೇ ಮಾತು ಆಡಿದಳು. ಮೂವತ್ತೊಂಬತ್ತು ಜನ ಅದನ್ನು ಓದಿಕೊಂಡರು.

"ಬಾಯಿ ಮುಚ್ಕಳಿ."

ಆಕ್ಷನ್ ಎಂದರು. ಅಪೂರ್ವ ತನ್ನ ಮಾತು ಹೇಳಿ ಕಾದಳು. ಚಿಕ್ಕತಾಯಮ್ಮ ಎರಡು ತುಟಿಯನ್ನೂ ಒತ್ತಿ ಹಿಡಿದು ಕ್ಯಾಮೆರಾವನ್ನೇ ನೋಡುತ್ತ ನಿಂತಳು. ಸಹಾಯಕ ನಿರ್ದೇಶಕ ತುಟಿ ಆಡಿಸಿ ಎಂದು ಕೂಗಿದ. ಆಡಲಿಲ್ಲ. ಗುಂಪಿನವರಾದರೂ ಆಡಿಸಿ, ಊರು ಸತ್ತ ಹಾಗೆ ಕಾಣುತ್ತಿದೆ ಎಂದ. ಸಿದ್ದೇಶ್ ಒಬ್ಬೊಬ್ಬರ ಮುಂದೆಯೂ ಹೋಗಿ ಕೈ ಮುಗಿದ. ಹಾಡಿನ ನಡುವೆ ಮದುವೆ ಕುದುರಿಸಿದ ದೇವೀರಮ್ಮನ ತುಟಿಯೂ ಅಲುಗಲಿಲ್ಲ.

ಶಿವಕಿರಣ್ ಕಟ್ ಹೇಳುವುದನ್ನು ಮರೆತು ಮಾನಿಟರ್ ನೋಡುತ್ತಿದ್ದ. ಅದರ ತುಂಬ ಮುಚ್ಚಿದ ಬಾಯಿಗಳು. ಅವುಗಳಿಗೆ ಯಾವ ಮಾತನ್ನು ಅಂಟಿಸಲೂ ಎಡೆಯಿರಲಿಲ್ಲ. ಅವನ ಹಿಂದೆ ವಾಗೀಶರು ಕೈ ಬೀಸುತ್ತ ಏನೇನೋ ಅನ್ನುತ್ತಿದ್ದರು. ಅವರ ತುಟಿ ಓದುವ ಗೋಜಿಗೆ ಯಾರೂ ಹೋಗಲಿಲ್ಲ.